ಕೊಲೆಗಾರ ಮೊದಲೇ ಗೊತ್ತಾದರೆ ಪುಸ್ತಕ ಕೆಟ್ಟದ್ದಾ?

ಪ್ರಶ್ನೆ: ನಾನು ಗದಗಿನವಳು, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುವಾಗ ಓದುತ್ತೇನೆ. ಇತ್ತೀಚೆಗೆ ಬರೀ ಹೊಸ ಪತ್ತೇದಾರಿ, ರೊಮಾನ್ಸ್, ಫ್ಯಾಂಟಸಿ ಕಾದಂಬರಿಗಳು. ರಿಚರ್ಡ್ ಓಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಓದಿದೆ: ಹೆಣ ಬೀಳುತ್ತದೆ, ಯಾರಿಗೂ ದುಃಖವಿಲ್ಲ, ಎಲ್ಲರೂ ಕೇಕ್ ತಿನ್ನುತ್ತಾರೆ. ಇನ್ನೊಂದು ಥ್ರಿಲ್ಲರ್‌ನಲ್ಲಿ ರೈಲು ಅಣ್ಣಿಗೇರಿ ದಾಟುವ ಮೊದಲೇ ಕೊಲೆಗಾರ ಯಾರೆಂದು ಗೊತ್ತಾಯಿತು. ಒಂದು ಆಫೀಸ್ ರೊಮಾನ್ಸ್, ಸುಳ್ಳು ನಿಶ್ಚಿತಾರ್ಥದ ಕಥೆ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮುಖಪುಟವೇ ಹೇಳುತ್ತದೆ. ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’: ಡ್ರ್ಯಾಗನ್ ಚೆನ್ನಾಗಿತ್ತು, ಹುಡುಗ ಬೇಡವಾಗಿತ್ತು, ಪುಸ್ತಕ ಮುಗಿಯುವುದೇ ಇಲ್ಲ. ಎಲ್ಲಕ್ಕೂ ಐದಕ್ಕೆ ಎರಡು ಅಂಕ ಕೊಟ್ಟೆ. ಧಾರವಾಡದ ನಮ್ಮ ಓದುಕೂಟದಲ್ಲಿ ಇದನ್ನೇ ಹೇಳಿದರೆ ಒಬ್ಬ ಗೆಳತಿ ‘ನಿನಗೆ ಈ ಥರದ ಪುಸ್ತಕ ಓದಲಿಕ್ಕೇ ಬರುವುದಿಲ್ಲ’ ಅಂದಳು. ಒಬ್ಬ ಹಿರಿಯರು ‘ಇವೆಲ್ಲ ಸಾಹಿತ್ಯವೇ ಅಲ್ಲ, ಯಾಕೆ ಟೈಮ್ ಹಾಳು’ ಅಂದರು. ಯಾರು ಸರಿ? ಸೀರೀಸ್ ಶುರು ಮಾಡಿದ ಮೇಲೆ ಮುಗಿಸಲೇಬೇಕಾ? ಕನ್ನಡದಲ್ಲಿ ಇಂಥವು ಏನು ಓದಲಿ?

ಉತ್ತರ: ಅವರಿಬ್ಬರೂ ಸರಿಯಿಲ್ಲ. ನೀವು ಅರ್ಧ ಸರಿ.

ಮೊದಲು ಹಿರಿಯರ ಮಾತು ಮುಗಿಸಿಬಿಡೋಣ, ಅದರಲ್ಲಿ ಹೇಳುವುದು ಕಡಿಮೆ. ಧಾರವಾಡದಲ್ಲಿ ಕವಿ ಬೇಂದ್ರೆಯವರಿದ್ದ ಸಾಧನಕೇರಿಯ ನೆರಳು ದೊಡ್ಡದು, ಹಾಗಾಗಿ ಇಲ್ಲಿ ಕವಿತೆ ಓದುವವರು ಎದೆಯುಬ್ಬಿಸಿ ಓದುತ್ತಾರೆ, ಪತ್ತೇದಾರಿ ಓದುವವರು ಪುಸ್ತಕಕ್ಕೆ ಪೇಪರ್ ಹೊದಿಸಿ ಓದುತ್ತಾರೆ. ಆದರೆ ಈ ಭಾಗದ ಕಾದಂಬರಿಯ ಓದು ಶುರುವಾದದ್ದೇ ‘ಮುಂದೇನಾಯಿತು’ ಎಂಬ ಕುತೂಹಲದಿಂದ. ಹಾವೇರಿ ಸೀಮೆಯ ಗಳಗನಾಥರು ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಜನ ಕೊಂಡದ್ದು ಸಾಹಿತ್ಯ ಚರಿತ್ರೆಗೆ ಸೇರಲಿ ಅಂತಲ್ಲ, ರಾತ್ರಿ ಕಂದೀಲು ಹಚ್ಚಿ ಮುಂದಿನ ಪುಟ ತಿರುವಲಿಕ್ಕೆ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ‘ಕಸ್ತೂರಿ’ಯನ್ನು ನಿಮ್ಮ ಹಿರಿಯರು ಖಂಡಿತ ಓದಿರುತ್ತಾರೆ. ಪಾ.ವೆಂ. ಆಚಾರ್ಯರಂಥ ಪಂಡಿತರು ನಡೆಸಿದ ಮಾಸಿಕ ಅದು. ಅದರ ಪುಸ್ತಕ ವಿಭಾಗದಲ್ಲಿ ದೊಡ್ಡ ಪುಸ್ತಕವೊಂದರ ಸಾರ ಬರುತ್ತಿತ್ತು. ಮನೆಗೆ ಸಂಚಿಕೆ ಬಂದ ಕೂಡಲೇ ಎಷ್ಟೋ ಜನ ಮೊದಲು ಬಿಚ್ಚುತ್ತಿದ್ದದ್ದು ಅದನ್ನೇ. ಅವರನ್ನೇ ಕೇಳಿ ನೋಡಿ, ನಗುತ್ತಾರೆ.

ಈಗ ನಿಮ್ಮ ವಿಷಯ. ನಿಮ್ಮ ಅಭಿಪ್ರಾಯಗಳಲ್ಲಿ ಕಣ್ಣು ಚುರುಕಾಗಿದೆ. ‘ಡ್ರ್ಯಾಗನ್ ಚೆನ್ನಾಗಿತ್ತು, ಹುಡುಗ ಬೇಡವಾಗಿತ್ತು’ ಅನ್ನುವುದು ಒಂದು ಪುಟದ ವಿಮರ್ಶೆಗಿಂತ ವಾಸಿ. ತೊಂದರೆ ಇರುವುದು ಅಂಕ ಕೊಟ್ಟ ರೀತಿಯಲ್ಲಿ. ಎಲ್ಲ ಪುಸ್ತಕಕ್ಕೂ ನೀವು ಹೆಚ್ಚು ಕಡಿಮೆ ಒಂದೇ ಅಳತೆ ಇಟ್ಟಿದ್ದೀರಿ: ಕೊನೆ. ಕೊನೆ ಮೊದಲೇ ಗೊತ್ತಾಯಿತು, ಎರಡು ಅಂಕ. ಕೊನೆಯೇ ಬರಲಿಲ್ಲ, ಅದಕ್ಕೂ ಎರಡು ಅಂಕ. ಆದರೆ ಪತ್ತೇದಾರಿ, ರೊಮಾನ್ಸ್, ಫ್ಯಾಂಟಸಿ ಮೂರೂ ಓದುಗರಿಗೆ ಕೊಡುವ ಮಾತು ಬೇರೆ ಬೇರೆ. ಕೊಟ್ಟ ಮಾತು ಉಳಿಸಿಕೊಂಡಿತಾ ಅಂತ ನೋಡಬೇಕು. ಕೊನೆಯಲ್ಲಿ ಬೆಚ್ಚಿಬೀಳಿಸುವುದು ಲೇಖಕರಿಗೆ ಎಲ್ಲಕ್ಕಿಂತ ಸುಲಭದ ಕೆಲಸ. ಯಾರನ್ನೋ ಕೊನೆಯ ಅಧ್ಯಾಯದಲ್ಲಿ ತಂದು ನಿಲ್ಲಿಸಿ ‘ಇವನೇ’ ಅಂದರಾಯಿತು.

ಹಾಗೆ ಮಾಡಬಾರದು ಅಂತಲೇ ಇಂಗ್ಲೆಂಡಿನ ಪತ್ತೇದಾರಿ ಲೇಖಕರು ಸುಮಾರು ನೂರು ವರ್ಷದ ಹಿಂದೆ ನಿಯಮ ಮಾಡಿಕೊಂಡರು. ರೊನಾಲ್ಡ್ ನಾಕ್ಸ್ ಅನ್ನುವ ಕ್ಯಾಥೊಲಿಕ್ ಪಾದ್ರಿ 1929ರಲ್ಲಿ ಹತ್ತು ನಿಯಮ ಬರೆದರು. ಅವರೂ ಪತ್ತೇದಾರಿ ಕಥೆ ಬರೆಯುತ್ತಿದ್ದವರೇ. ದೆವ್ವ ಭೂತದ ಕೈವಾಡ ಬೇಡ, ಗುಪ್ತ ಕೋಣೆ ಒಂದಕ್ಕಿಂತ ಜಾಸ್ತಿ ಬೇಡ, ಮೊದಲೇ ಸುಳಿವು ಕೊಡದೆ ಅವಳಿ ಜವಳಿ ತರುವಂತಿಲ್ಲ, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಆಗಲೇ ಸಿಗಬೇಕು. ಮರುವರ್ಷ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಹುಟ್ಟಿತು. ಅಗಾಥಾ ಕ್ರಿಸ್ಟಿ ಅದರಲ್ಲಿದ್ದರು. ಹೊಸ ಸದಸ್ಯರು ಪ್ರಮಾಣ ಮಾಡಬೇಕಿತ್ತು: ನನ್ನ ಪತ್ತೇದಾರ ಬುದ್ಧಿಯಿಂದಲೇ ಗೆಲ್ಲುತ್ತಾನೆ, ಆಕಸ್ಮಿಕದಿಂದಲ್ಲ, ದೇವರ ಕೃಪೆಯಿಂದಲ್ಲ ಅಂತ. ಸ್ವಲ್ಪ ತಮಾಷೆ, ಸ್ವಲ್ಪ ಖರೇನ. ಅದೇ ಕ್ರಿಸ್ಟಿ 1926ರಲ್ಲಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬರೆದಾಗ ಕೆಲವರು ‘ಇದು ಮೋಸ’ ಅಂತ ಕೂಗಾಡಿದ್ದರು. ಓದಿಲ್ಲದಿದ್ದರೆ ಯಾಕೆ ಅಂತ ಹೇಳುವುದಿಲ್ಲ. ಆದರೆ ವಾಪಸ್ಸು ಹೋಗಿ ನೋಡಿದರೆ ಎಲ್ಲ ಅಲ್ಲೇ ಬರೆದಿದೆ. ನಮ್ಮ ಕಣ್ಣೇ ಜಾರಿಕೊಂಡು ಹೋಗಿರುತ್ತದೆ.

ಹಾಗಾಗಿ ಅಣ್ಣಿಗೇರಿ ದಾಟುವ ಮೊದಲೇ ಕೊಲೆಗಾರ ಗೊತ್ತಾದನಲ್ಲ, ಹೇಗೆ ಗೊತ್ತಾದ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಸುಳಿವುಗಳನ್ನು ಜೋಡಿಸಿ ಕಂಡುಹಿಡಿದಿರಾ? ಹಾಗಿದ್ದರೆ ಲೇಖಕರು ನಿಮ್ಮ ಜೊತೆ ನ್ಯಾಯವಾಗಿ ಆಡಿದ್ದಾರೆ, ಗೆದ್ದದ್ದು ನೀವು. ಅದಕ್ಕೆ ಪುಸ್ತಕಕ್ಕೆ ಅಂಕ ಕಡಿಮೆ ಮಾಡುವುದು ಅನ್ಯಾಯ ಅಲ್ವಾ? ಅಥವಾ ಇಂಥ ಪುಸ್ತಕಗಳಲ್ಲಿ ತುಂಬಾ ಒಳ್ಳೆಯವನಾಗಿ ಕಾಣುವ ಗಂಡನೇ ಕೊಲೆಗಾರ ಅನ್ನುವ ರೂಢಿಯಿಂದ ಊಹಿಸಿದಿರಾ? ಆಗ ನಿಮ್ಮ ಎರಡು ಅಂಕ ಸರಿ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ 2012ರಲ್ಲಿ ಬಂದು ಗೆದ್ದ ಮೇಲೆ ಗಂಡ–ಹೆಂಡತಿ, ಸುಳ್ಳು ಹೇಳುವ ನಿರೂಪಕಿ, ನಡುವೆ ಒಂದು ದೊಡ್ಡ ತಿರುವು, ಇದೇ ಅಚ್ಚಿನಲ್ಲಿ ಎಷ್ಟು ಪುಸ್ತಕ ಬಂದವು ಅಂದರೆ, ಈಗ ತಿರುವು ಇಲ್ಲದಿದ್ದರೇ ಆಶ್ಚರ್ಯ.

ಕೊಲೆಗಾರ ಗೊತ್ತಾಗುವುದು ದೋಷವೇ ಅಲ್ಲ ಅನ್ನಲಿಕ್ಕೆ ಒಂದು ಪುಸ್ತಕ ಸಾಕು. ಜಪಾನಿನ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಓದಿ. ಜಪಾನಿಯಲ್ಲಿ 2005ರಲ್ಲಿ ಬಂತು, ಅಲ್ಲಿನ ದೊಡ್ಡ ನಾಓಕಿ ಪ್ರಶಸ್ತಿ ಪಡೆಯಿತು. ಮೊದಲ ಅಧ್ಯಾಯದಲ್ಲೇ ಕೊಲೆ ನಮ್ಮ ಕಣ್ಣ ಮುಂದೆ ನಡೆಯುತ್ತದೆ. ಯಾರು ಕೊಂದರು, ಯಾಕೆ ಕೊಂದರು, ಎಲ್ಲ ಗೊತ್ತು. ಪಕ್ಕದ ಮನೆಯ ಗಣಿತ ಮೇಷ್ಟ್ರು ಅದನ್ನು ಮುಚ್ಚಿಹಾಕಲು ಸಹಾಯ ಮಾಡುತ್ತಾನೆ, ಅದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಹುಬ್ಬಳ್ಳಿ ಸ್ಟೇಷನ್ ಬಂದರೆ ಇಳಿಯಲಿಕ್ಕೆ ಮನಸ್ಸಾಗುವುದಿಲ್ಲ, ಯಾಕೆಂದರೆ ನಮಗೆ ಏನು ಗೊತ್ತಿಲ್ಲ ಅನ್ನುವುದೇ ಕೊನೆಯವರೆಗೂ ಗೊತ್ತಿರುವುದಿಲ್ಲ.

ಓಸ್ಮನ್ ಬಗ್ಗೆ ನಿಮ್ಮ ಮಾತು ಒಪ್ಪುವುದಿಲ್ಲ. ಹೆಣಕ್ಕೆ ಯಾರೂ ಅಳುವುದಿಲ್ಲ, ನಿಜ. ಈ ಬಗೆಯ ಮೆತ್ತಗಿನ ಪತ್ತೇದಾರಿಯಲ್ಲಿ ಅಳುವ ಪದ್ಧತಿಯಿಲ್ಲ. ಸತ್ತವರು ಒಗಟಿನ ಮೊದಲ ಸಾಲು ಅಷ್ಟೇ. ಆದರೆ ಆ ಪುಸ್ತಕದಲ್ಲಿ ದುಃಖ ಬೇರೆ ಕಡೆ ಇದೆ. ವೃದ್ಧರ ಆ ಕಾಲೋನಿಯಲ್ಲಿ ಕ್ಲಬ್ಬಿನ ಹಳೆಯ ಸದಸ್ಯೆ, ಒಂದು ಕಾಲದ ಪೊಲೀಸ್ ಅಧಿಕಾರಿ, ಮಾತಿಲ್ಲದೆ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಕ್ಲಬ್ಬಿನ ಮುಂದಾಳು ಎಲಿಜಬೆತ್ ಹೋಗಿ ಅವಳಿಗೆ ಕೇಸಿನ ಕಥೆ ಹೇಳುತ್ತಾಳೆ. ಮನೆಗೆ ಬಂದರೆ ಗಂಡನ ನೆನಪು ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದೆ. ಕೇಕು, ತಮಾಷೆ ಎಲ್ಲ ಅದರ ಮೇಲಿನ ಹೊದಿಕೆ. ಇನ್ನೊಮ್ಮೆ ಆ ಭಾಗಗಳನ್ನು ಮಾತ್ರ ಓದಿ ನೋಡಿ. ಆಮೇಲೂ ಎರಡೇ ಅಂಕ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ. ಒಗಟಿನ ಮಟ್ಟಿಗೆ ಅದು ಸಾಧಾರಣವೇ, ಕೊನೆಯಲ್ಲಿ ತಪ್ಪೊಪ್ಪಿಗೆಗಳು ಜಾಸ್ತಿಯಾದವು.

ರೊಮಾನ್ಸ್‌ಗೆ ಬರೋಣ. ಇಲ್ಲಿ ನಿಮ್ಮ ಅಳತೆ ಪೂರ್ತಿ ತಪ್ಪು. ಕೊನೆಗೆ ಒಂದಾಗುತ್ತಾರೆ ಅನ್ನುವುದು ಈ ಬಗೆಯ ದೌರ್ಬಲ್ಯ ಅಲ್ಲ, ಷರತ್ತು. ಅಮೆರಿಕದ ರೊಮಾನ್ಸ್ ಲೇಖಕರ ಸಂಘದ ವ್ಯಾಖ್ಯೆಯಲ್ಲೇ ಎರಡು ಮಾತಿವೆ: ಪ್ರೇಮವೇ ಕಥೆಯ ನಡುಗಂಬವಾಗಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡುವ, ಭರವಸೆಯ ಕೊನೆಯಾಗಿರಬೇಕು. ಇದು ಅಮೆರಿಕದವರ ಹೊಸ ಹುಚ್ಚು ಅಂದುಕೊಳ್ಳಬೇಡಿ. 12ನೇ ಶತಮಾನದಲ್ಲಿ ನೇಮಿಚಂದ್ರ ಕನ್ನಡದಲ್ಲಿ ‘ಲೀಲಾವತಿ’ ಬರೆದ. ಕಂದರ್ಪ ಮತ್ತು ಲೀಲಾವತಿ ಒಬ್ಬರನ್ನೊಬ್ಬರು ನೋಡುವುದೇ ಕನಸಿನಲ್ಲಿ. ನೋಡಿ ಮರುಳಾಗಿ ಹುಡುಕಿಕೊಂಡು ಹೊರಡುತ್ತಾರೆ. ಇವರು ಸೇರುತ್ತಾರೋ ಇಲ್ಲವೋ ಅಂತ ಅವತ್ತಿನ ಯಾವ ಕೇಳುಗನೂ ಉಗುರು ಕಚ್ಚಿರಲಿಕ್ಕಿಲ್ಲ. ಹೇಗೆ ಸೇರುತ್ತಾರೆ, ಅಲ್ಲಿಯವರೆಗೆ ಏನೇನು ಬಣ್ಣನೆ ಬರುತ್ತದೆ, ಅದು ಅವರಿಗೆ ಬೇಕಿತ್ತು.

ಕನ್ನಡದಲ್ಲಿ ಒಂದು ಗೊಂದಲ ಇದೆ. ಮಹಿಳೆಯರು ಬರೆದ ಎಲ್ಲ ಜನಪ್ರಿಯ ಕಾದಂಬರಿಗಳನ್ನೂ ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ತ್ರಿವೇಣಿಯವರ ‘ಶರಪಂಜರ’ವನ್ನು ಪ್ರೇಮ ಕಾದಂಬರಿ ಅಂತ ಓದಲಿಕ್ಕೆ ಕೂತವರ ಎದೆ ಒಡೆಯುತ್ತದೆ. ಮದುವೆಯಾದ ಮೇಲೆ ಒಬ್ಬ ಹೆಣ್ಣಿನ ಮನಸ್ಸನ್ನು ಮನೆಮಂದಿ ಸೇರಿ ಹೇಗೆ ಮುರಿಯುತ್ತಾರೆ ಅನ್ನುವ ಕಥೆ ಅದು. ಸಾಯಿಸುತೆಯವರ ಕಾದಂಬರಿ ಕೈಗೆತ್ತಿಕೊಂಡವರು ಬೇರೆಯದನ್ನೇ ಕಾಯುತ್ತಿರುತ್ತಾರೆ. ಎರಡಕ್ಕೂ ಒಂದೇ ಅಂಕಪಟ್ಟಿ ಹಾಕಿದರೆ ಯಾರಿಗೂ ನ್ಯಾಯ ಆಗುವುದಿಲ್ಲ.

ಹಾಗಾದರೆ ರೊಮಾನ್ಸ್‌ನಲ್ಲಿ ಏನು ಅಳೆಯಬೇಕು? ಅಡ್ಡಿಯನ್ನು. ಇಬ್ಬರ ನಡುವೆ ಏನು ನಿಂತಿದೆ, ಅದಕ್ಕೆ ತೂಕ ಇದೆಯಾ? ಒಂದು ಫೋನ್ ಮಾಡಿ ‘ನೀನು ನೋಡಿದ ಆ ಹುಡುಗಿ ನನ್ನ ತಂಗಿ’ ಅಂದರೆ ಮುಗಿಯುವ ಜಗಳವನ್ನು ಇನ್ನೂರು ಪುಟ ಎಳೆದರೆ ಅದು ಕಳಪೆ, ಸುಖಾಂತ ಎಷ್ಟೇ ಚೆನ್ನಾಗಿರಲಿ. ನೀವು ಓದಿದ ಸುಳ್ಳು ನಿಶ್ಚಿತಾರ್ಥದ ಕಥೆಯಲ್ಲಿ ನಿಮಗೆ ಬೇಸರವಾದದ್ದು ಕೊನೆ ಗೊತ್ತಿದ್ದದ್ದಕ್ಕಲ್ಲ, ಈ ಕಾರಣಕ್ಕೇ ಅಂತ ನನ್ನ ಅನುಮಾನ. ಇಬ್ಬರಿಗೂ ಕೆಲಸ ಇದೆ, ಸ್ವಂತ ಮನೆ ಇದೆ, ಕೇಳುವವರಿಲ್ಲ. ಇನ್ನೇನು ತಡೆ? ನಮ್ಮ ಕಡೆ ಹುಡುಗ ಹುಡುಗಿ ಒಂದೇ ಊರಿನವರಾಗಿದ್ದರೂ ನಡುವೆ ಜಾತಿ ಇರುತ್ತದೆ, ಒಳಪಂಗಡ ಇರುತ್ತದೆ, ತಂಗಿಯ ಮದುವೆ ಇರುತ್ತದೆ, ಅಪ್ಪನ ಸಾಲ ಇರುತ್ತದೆ, ಬೆಂಗಳೂರಿನ ಕೆಲಸ ಇರುತ್ತದೆ. ಇಷ್ಟು ಅಡ್ಡಿಗಳ ನಡುವೆ ಬದುಕುವ ಓದುಗರಿಗೆ ಆ ಆಫೀಸಿನ ಅಡ್ಡಿ ನೀರು ನೀರಾಗಿ ಕಂಡರೆ ಆಶ್ಚರ್ಯವಿಲ್ಲ. ಇದನ್ನು ಹೀಗೇ ಓದುಕೂಟದಲ್ಲಿ ಹೇಳಿ, ಯಾರೂ ‘ಓದಲಿಕ್ಕೆ ಬರುವುದಿಲ್ಲ’ ಅನ್ನಲಾರರು.

ಪ್ರತಿಲಿಪಿಯಂಥ ಆಪ್‌ಗಳಲ್ಲಿ ಕನ್ನಡದ ಪ್ರೇಮ ಧಾರಾವಾಹಿಗಳು ಬೇಕಾದಷ್ಟಿವೆ. ಅಲ್ಲಿ ಅಡ್ಡಿಗಳು ನಮ್ಮವೇ, ಅತ್ತೆ ಮಾವ ನಮ್ಮವರೇ. ತೊಂದರೆ ಬೇರೆ ಥರದ್ದು. ಕಂತು ಕಂತಾಗಿ ಬರೆಯುವಾಗ ಓದುಗರನ್ನು ನಾಳೆಗೂ ಕರೆತರಬೇಕು, ಹಾಗಾಗಿ ಒಂದು ಅಡ್ಡಿ ಕರಗುವ ಹೊತ್ತಿಗೆ ಇನ್ನೊಂದು ಬಂದು ನಿಲ್ಲುತ್ತದೆ, ಅಪಘಾತ ಆಗುತ್ತದೆ, ನೆನಪು ಹೋಗುತ್ತದೆ, ವಿದೇಶದಿಂದ ಹಳೆಯ ಗೆಳತಿ ಬರುತ್ತಾಳೆ. ಮೂವತ್ತು ಕಂತಿಗೆ ಮುಗಿಯಬೇಕಾದ್ದು ನೂರಾಗುತ್ತದೆ. ಬರೆಯುವವರ ಕೈಯಲ್ಲಿ ಶಕ್ತಿ ಇದೆ, ಕತ್ತರಿ ಹಿಡಿಯುವ ಸಂಪಾದಕರಿಲ್ಲ.

ಇನ್ನು ಫ್ಯಾಂಟಸಿ. ಇದರ ಬಗ್ಗೆ ಮಾತಾಡಲು ನನಗೆ ಎಲ್ಲಕ್ಕಿಂತ ಖುಷಿ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮಾಂತ್ರಿಕ ಲೋಕದಲ್ಲಿ ಏನು ಬೇಕಾದರೂ ಆಗಬಹುದು. ಅದೇ ಅದರ ಅಪಾಯ. ಏನು ಬೇಕಾದರೂ ಆಗುವುದಾದರೆ ನಾವು ಯಾಕೆ ಹೆದರಬೇಕು? ನಾಯಕಿ ಸಿಕ್ಕಿಬಿದ್ದಾಗ ಒಂದು ಹೊಸ ಮಂತ್ರ ನೆನಪಾದರೆ ಆಯಿತು. ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಅಮೆರಿಕನ್ ಲೇಖಕರು 2007ರಲ್ಲಿ ಒಂದು ಸೂತ್ರ ಹೇಳಿದರು, ಈಗ ಆ ಬಳಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಓದುಗರಿಗೆ ಮಂತ್ರದ ನಿಯಮ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಮಂತ್ರದಿಂದ ಕಷ್ಟ ಬಿಡಿಸಬಹುದು ಅನ್ನುವುದು ಅದರ ಸಾರ. ಸರಿಯಾದ ಮಾತು. ಆದರೆ ಅದನ್ನು ನಮ್ಮ ಕಥೆ ಹೇಳುವ ಅಜ್ಜಿಯರಿಗೆ ಯಾರೂ ಕಲಿಸಬೇಕಿರಲಿಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ, ಹುಡುಗಿ ಹೂವಿನ ಮರವಾಗುವ ಕಥೆ. ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ ಅಂತ ಸಿನಿಮಾ ಮಾಡಿದರು. ಎರಡು ಕೊಡ ನೀರು. ಒಂದು ಕೊಡ ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂ ಬಿಡಿಸುವಾಗ ಉಗುರು ತಾಗಬಾರದು, ಎಲೆ ಹರಿಯಬಾರದು, ಟೊಂಗೆ ಮುರಿಯಬಾರದು. ಇಷ್ಟೇ ನಿಯಮ. ಬಡ ತಾಯಿಗೆ ಸಹಾಯವಾಗಲಿ ಅಂತ ಶುರುವಾದದ್ದು, ರಾಜಕುಮಾರನ ಕಣ್ಣಿಗೆ ಬೀಳುತ್ತದೆ, ಮದುವೆಯಾಗುತ್ತದೆ, ಆಮೇಲೆ ನಾದಿನಿ ಗೆಳತಿಯರ ಮುಂದೆ ತೋರಿಸಲು ಒತ್ತಾಯ ಮಾಡುತ್ತಾಳೆ. ಆ ಹುಡುಗಿಯರು ಟೊಂಗೆ ಮುರಿದು, ನೀರನ್ನು ಹೇಗೆ ಬೇಕೋ ಹಾಗೆ ಸುರಿದು, ಮಳೆ ಬಂತು ಅಂತ ಓಡಿಹೋಗುತ್ತಾರೆ. ಅವಳು ಅರ್ಧ ದೇಹದವಳಾಗಿ ಉಳಿಯುತ್ತಾಳೆ. ಮಂತ್ರ ಇದೆ, ನಿಯಮ ಇದೆ, ನಿಯಮ ಮುರಿದರೆ ಬೆಲೆ ಇದೆ. ಬೆಲೆ ಕೊಡುವವಳು ಮುರಿದವಳಲ್ಲ ಅನ್ನುವ ಕ್ರೌರ್ಯವೂ ಇದೆ. ಜೊತೆಗೆ ಪ್ರೇಮಕಥೆಯೂ ಹೌದು. ಈಗ ‘ರೊಮಾಂಟಸಿ’ ಅಂತ ಹೆಸರಿಟ್ಟು ಮಾರುವುದು ಇದನ್ನೇ, ಹತ್ತು ಪುಟದ ಬದಲು ಆರುನೂರು ಪುಟದಲ್ಲಿ.

ಈ ಕಣ್ಣಿನಿಂದ ‘ಫೋರ್ತ್ ವಿಂಗ್’ ನೋಡಿ. ನಿಮಗೆ ಡ್ರ್ಯಾಗನ್ ಯಾಕೆ ಇಷ್ಟವಾಯಿತು? ಅದಕ್ಕೆ ನಿಯಮ ಇದೆ. ಸವಾರಳನ್ನು ಆರಿಸುವುದು ಡ್ರ್ಯಾಗನ್, ಸವಾರಳಲ್ಲ. ಶಕ್ತಿ ಬರುವುದು ಅದರ ಮೂಲಕ. ಡ್ರ್ಯಾಗನ್ ಸತ್ತರೆ ಸವಾರಳೂ ಸಾಯುತ್ತಾಳೆ. ಅದರ ಮೇಲೆ ನಾಯಕಿ ವಯೊಲೆಟ್‌ಳ ಕೀಲುಗಳು ಸುಲಭವಾಗಿ ಜಾರುವ ದೇಹ, ಅವಳು ಏನೇ ಮಾಡಿದರೂ ನೋವಿನ ಲೆಕ್ಕ ಕಟ್ಟಲೇಬೇಕು. ಹುಡುಗ ಯಾಕೆ ಬೇಡವಾದ? ಅವನ ಗುಟ್ಟುಗಳಿಗೆ ನಿಯಮ ಇಲ್ಲ, ಕಥೆಗೆ ಬೇಕಾದಾಗ ಒಂದೊಂದು ಹೊರಬರುತ್ತದೆ. ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇತ್ತು, ಕಾರಣ ಮಾತ್ರ ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಅದಕ್ಕೆ ಮೂರು ಅಂಕ. ಯುದ್ಧದ ರಾಜಕೀಯ ತೆಳು, ಹಾಗಾಗಿ ನಾಲ್ಕು ಕೊಡಲಾರೆ.

ಪುಸ್ತಕ ಮುಗಿಯುವುದಿಲ್ಲ ಅಂದಿರಿ. ಅದು ಈ ಬೆರಕೆಯ ಮೂಲ ಕಷ್ಟ. ಪ್ರೇಮಕಥೆ ಒಂದಾಗಿಸಬೇಕು ಅನ್ನುತ್ತದೆ, ಸೀರೀಸ್ ಒಂದಾಗಿಸಬೇಡ ಅನ್ನುತ್ತದೆ. ಐದು ಪುಸ್ತಕದ ಯೋಜನೆ ಇಟ್ಟುಕೊಂಡ ಲೇಖಕಿ ಮೊದಲನೆಯದರಲ್ಲೇ ಸುಖವಾಗಿ ಮುಗಿಸಿದರೆ ಎರಡನೆಯದನ್ನು ಯಾರು ಕೊಳ್ಳುತ್ತಾರೆ? 2025ರ ಜನವರಿಯಲ್ಲಿ ಇದರ ಮೂರನೇ ಭಾಗ ಬಂದಾಗ ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಮಾರಾಟವಾದ ಸುದ್ದಿ ಬಂತು. ಇಷ್ಟು ಹಣ ಓಡಾಡುವ ಕಡೆ ಕೊನೆಯ ಪುಟ ಬಾಗಿಲು ಹಾಕುವುದಿಲ್ಲ. ಉರ್ಸುಲಾ ಲೆ ಗುಯಿನ್ ಅವರ 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಸಿಕ್ಕರೆ ಓದಿ. ಅದೂ ಸೀರೀಸಿನ ಮೊದಲ ಪುಸ್ತಕವೇ, ತೆಳ್ಳಗಿದೆ, ತಾನಾಗಿ ಪೂರ್ತಿಯಾಗುತ್ತದೆ. ಹುಡುಗ ಅಹಂಕಾರದಿಂದ ಒಂದು ಮಂತ್ರ ಹಾಕುತ್ತಾನೆ, ಅದರ ಬೆಲೆ ಪುಸ್ತಕದುದ್ದಕ್ಕೂ ಅವನ ಬೆನ್ನಟ್ಟುತ್ತದೆ.

ಕನ್ನಡದಲ್ಲಿ ಏನು ಓದಲಿ ಅಂದಿರಲ್ಲ. ಬಸ್ ಸ್ಟ್ಯಾಂಡ್ ಅಂಗಡಿಗಳ ಪತ್ತೇದಾರಿ ಕಾಲವನ್ನು ನೋಡಬೇಕೆಂದರೆ ಎನ್. ನರಸಿಂಹಯ್ಯ. ಶಾಲೆ ಓದಿದ್ದು ನಾಲ್ಕನೇ ಇಯತ್ತೆವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಇವತ್ತು ಓದಿದರೆ ಒಗಟು ಹಗುರ ಅನಿಸುತ್ತದೆ, ಓಟ ಮಾತ್ರ ಅದ್ಭುತ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ನಿಮ್ಮ ರೈಲಿಗೆ ಹೇಳಿ ಮಾಡಿಸಿದ್ದು, ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಯ ಒಂದೇ ದಿನದ ಕಥೆ. ಅವರದೇ ‘ಚಿದಂಬರ ರಹಸ್ಯ’ದಲ್ಲಿ ಒಬ್ಬ ವಿಜ್ಞಾನಿಯ ಸಾವು ಇದೆ, ತನಿಖೆಗೆ ಅಧಿಕಾರಿ ಬರುತ್ತಾನೆ, ಪತ್ತೇದಾರಿಯ ಸಾಮಾನು ಎಲ್ಲ ಇದೆ, ಆದರೆ ಕಥೆ ಹೋಗುವುದು ಬೇರೆ ಕಡೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ನಿಮ್ಮ ಹಿರಿಯರ ಕೈಗೂ ಕೊಡಬಹುದು. ಇತ್ತೀಚಿನವರಲ್ಲಿ ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ, ಇತಿಹಾಸದ ತುಣುಕು ಹಿಡಿದು ಥ್ರಿಲ್ಲರ್ ಕಟ್ಟುತ್ತಾರೆ. ‘ಕನಕ ಮುಸುಕು’, ‘ಕರಿಸಿರಿಯಾನ’ ಎರಡೂ ಓಡಿಸಿಕೊಂಡು ಹೋಗುತ್ತವೆ. ನನ್ನ ತಕರಾರು ಒಂದೇ, ಪಾತ್ರಗಳು ಕೆಲವು ಕಡೆ ಮನುಷ್ಯರ ಹಾಗೆ ಮಾತಾಡುವ ಬದಲು ಮಾಹಿತಿ ಒಪ್ಪಿಸುತ್ತವೆ. ದೊಡ್ಡವರ ಫ್ಯಾಂಟಸಿ ಬೇಕೆಂದರೆ ಚಂದ್ರಶೇಖರ ಕಂಬಾರರ ‘ಶಿಖರ ಸೂರ್ಯ’. ಭಾಷೆ ನಮ್ಮ ಉತ್ತರದ ಕಡೆಯದು, ಮಾಟ ಮಂತ್ರ ಅಧಿಕಾರ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ನಿಧಾನ ಓದು. ರೈಲಿಗೆ ಬೇಡ, ರಜೆಯಲ್ಲಿ ಮನೆಯಲ್ಲಿ ಓದಿ.

ಇನ್ನು ಅರ್ಧಕ್ಕೆ ಬಿಡುವುದು, ಸೀರೀಸ್ ಮುಗಿಸುವುದು. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಮಾತಾಡಬಹುದು, ಎಷ್ಟನೇ ಪುಟಕ್ಕೆ ಬಿಟ್ಟೆ, ಯಾಕೆ ಬಿಟ್ಟೆ ಅಂತ ಹೇಳಿದರೆ ಸಾಕು. ಅಂಕ ಮಾತ್ರ ಕೊಡಬೇಡಿ. ಸೀರೀಸಿನ ಮೊದಲ ಭಾಗ ಓದಿ ಮುಗಿಸಿದ ವಾರದ ನಂತರವೂ ಯಾವುದಾದರೂ ಒಂದು ಪಾತ್ರಕ್ಕೆ ಮುಂದೇನಾಯಿತೋ ಅಂತ ಮನಸ್ಸು ಎಳೆದರೆ ಎರಡನೆಯದನ್ನು ಓದಿ. ಡ್ರ್ಯಾಗನ್ನಿಗೋಸ್ಕರ ಮಾತ್ರ ಆದರೂ ನಡೆಯುತ್ತದೆ. ಕೊನೆಯ ಪುಟದ ಗಂಟು ಬಿಚ್ಚಲಿಕ್ಕೆ ಮಾತ್ರ ಆದರೆ ಸುಮ್ನೆ ದುಡ್ಡು ಹಾಕಬೇಡಿ. ಓದುಕೂಟದಲ್ಲಿ ‘ಓದಲಿಕ್ಕೇ ಬರುವುದಿಲ್ಲ’ ಅಂದ ಆ ಗೆಳತಿ ಹೇಗೂ ಕೊಂಡಿರುತ್ತಾಳೆ, ಅವಳ ಹತ್ತಿರ ಕೇಳಿ ತನ್ನಿ.